ಕೈಗೆ ಬಾರದ ಎಂಬತ್ತನಾಲ್ಕು ಸಾವಿರ

2023ರಲ್ಲಿ ಸರ್ಕಾರದ ಲೆಕ್ಕದಲ್ಲಿ ನನ್ನ ವರ್ಷದ ಆದಾಯ 1,74,000 ರೂಪಾಯಿ ಇತ್ತು. ನನ್ನ ಲೆಕ್ಕದಲ್ಲಿ 90,000. ನಡುವಿನ 84,000 ನನ್ನ ಗಂಡ ಕೊಡಬೇಕೆಂದು ಕೋರ್ಟು ಆದೇಶ ಮಾಡಿದ ಜೀವನಾಂಶ. ತಿಂಗಳಿಗೆ ನನಗೆ 4,000, ಮಗಳಿಗೆ 3,000. ಆದೇಶದ ಪ್ರತಿ ನನ್ನ ಹತ್ತಿರ ಇದೆ, ದುಡ್ಡು ಇಲ್ಲ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1,20,000 ದಾಟುವಂತಿಲ್ಲ. ಬಾರದ ದುಡ್ಡನ್ನು ಕೂಡಿಸಿದರೆ ನಾನು ಆ ಗೆರೆಯ ಆಚೆ, ಬಿಟ್ಟರೆ ಈಚೆ. ಮಗಳ ಹಾಸ್ಟೆಲ್ಲು, ಅವಳ ವಿದ್ಯಾರ್ಥಿವೇತನ, ಕೊನೆಗೆ ನನ್ನ ಅಮ್ಮನ ಅಕ್ಕಿ, ಎಲ್ಲವೂ ಈ ಒಂದು ಕೂಡಿಸುವ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡವು.

ಕಳಸದ ಹತ್ತಿರದ ಒಂದು ಕಾಫಿ ತೋಟದ ಆಫೀಸಿನಲ್ಲಿ ನಾನು ಅರ್ಧ ದಿನ ಚೆಕ್‌ರೋಲ್ ಬರೆಯುತ್ತೇನೆ. ಯಾರು ಕೆಲಸಕ್ಕೆ ಬಂದರು, ಕುಯ್ಲಿನ ಕಾಲದಲ್ಲಿ ಯಾರು ಎಷ್ಟು ಕೆಜಿ ಹಣ್ಣು ತಂದರು, ಯಾರ ಮುಂಗಡ ಎಷ್ಟು ಮುರಿಯಬೇಕು, ಇಷ್ಟೇ ಕೆಲಸ. ಸಂಜೆ ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಎರಡೂ ಸೇರಿ ತಿಂಗಳಿಗೆ 7,500ರ ಆಸುಪಾಸು. ಅಮ್ಮನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ 1,200 ಬರುತ್ತದೆ. ಭದ್ರಾ ಹೊಳೆಯ ಆಚೆ, ಹೊರನಾಡು ಕಡೆಗೆ ಹೋಗುವ ರಸ್ತೆಯ ಪಕ್ಕ ನಮ್ಮ ಅಮ್ಮನ ಮನೆ. ನಾನು, ಮಗಳು, ಅಮ್ಮ ಮೂವರೇ.

2010ರಲ್ಲಿ ಮದುವೆಯಾಗಿ ಬೇಲೂರು ಕಡೆಗೆ ಹೋದವಳು 2020ರಲ್ಲಿ, ಮೊದಲ ಲಾಕ್‌ಡೌನ್ ಮುಗಿದ ಮೇಲೆ, ಮಗಳನ್ನು ಕರೆದುಕೊಂಡು ವಾಪಸು ಬಂದೆ. ಯಾಕೆ ಬಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕೋರ್ಟಿನಲ್ಲಿ ಎಲ್ಲರೆದುರು ಹೇಳಿದ್ದೇನೆ, ಅಷ್ಟು ಸಾಕು. ಒಂದು ವರ್ಷ ಹಿರಿಯರ ಪಂಚಾಯ್ತಿ ನಡೆಯಿತು. ನಮ್ಮ ಚಿಕ್ಕಪ್ಪ ಎರಡು ಸಲ ಹೋಗಿ ಮಾತಾಡಿ ಬಂದರು. ಅಲ್ಲಿಯವರು ಕಾಫಿ ಕೊಟ್ಟು ಕಳಿಸಿದರೇ ಹೊರತು ಮಗಳ ಫೀಸಿನ ಮಾತು ಎತ್ತಲಿಲ್ಲ. 2021ರಲ್ಲಿ ಕೇಸು ಹಾಕಿದೆ.

ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಕಾನೂನು ಸೇವಾ ಸಮಿತಿಗೆ ಹೋಗು ಎಂದವರು ಅಂಗನವಾಡಿ ಟೀಚರ್. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಈ ಇಡೀ ಅಲೆದಾಟದಲ್ಲಿ ನನ್ನ ಆದಾಯ ಎಷ್ಟು ಎಂದು ಕೇಳದೆ ಕೆಲಸ ಮಾಡಿಕೊಟ್ಟ ಜಾಗ ಅದೊಂದೇ. ನನಗೆ ಸಿಕ್ಕ ವಕೀಲರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನಾನು ಮೇಡಂ ಅನ್ನುತ್ತೇನೆ, ಅವರು ನನ್ನನ್ನು ಅಕ್ಕ ಅನ್ನುತ್ತಾರೆ.

ಕಳಸ ಈಗ ತಾಲ್ಲೂಕು. ಆದರೂ ನನ್ನ ಕೇಸು ನಡೆದದ್ದು ಮೂಡಿಗೆರೆಯಲ್ಲಿ. ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆ ಮೇಲೆ ನೀರು ಹತ್ತಿದರೆ ನಾವು ಈ ಕಡೆಯವರು ಈ ಕಡೆಯೇ. ಒಂದು ಜುಲೈನಲ್ಲಿ ಹಾಗೇ ಆಯಿತು. ನಾನು ಹೊಳೆಯ ಈಚೆ ನಿಂತಿದ್ದೆ, ಅಲ್ಲಿ ಕೇಸು ಮುಂದೆ ಹೋಯಿತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತೆಂದು ಎಲ್ಲರೂ ಖುಷಿಪಟ್ಟರು. ನಮ್ಮ ಕಡೆ ಓಡುವುದು ಹೆಚ್ಚು ಪ್ರೈವೇಟ್ ಬಸ್ಸು. ಕೊಟ್ಟಿಗೆಹಾರ ದಾಟುವವರೆಗೆ ನನಗೆ ಶಕ್ತಿ ಯೋಜನೆ ಸಿಗುತ್ತಿದ್ದದ್ದು ಅಪರೂಪ.

ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿದ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಬರೆದು ಪ್ರಮಾಣಪತ್ರ ಕೊಡಬೇಕು. ನಾನು ಕೊಟ್ಟೆ. ಹೊಲಿಗೆ ಮೆಷಿನ್ ಕೂಡ ಬರೆದೆ. ಗಂಡ ಕೊಟ್ಟದ್ದರಲ್ಲಿ ಇದ್ದದ್ದು ಇಷ್ಟು: ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಬಳಕ್ಕೆ ಇದ್ದೇನೆ, ತಿಂಗಳಿಗೆ 15,000, ಆಸ್ತಿ ಇಲ್ಲ. ತೋಟ ಅತ್ತೆಯ ಹೆಸರಿನಲ್ಲಿದೆ. ತೋಟದ ಆದಾಯ ಎಷ್ಟೆಂದು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಕಾಫಿಯವರ ಲೆಕ್ಕ ಹೊರಗಿನವರಿಗೆ ಸಿಗುವುದು ಕಷ್ಟ. ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆಗೆ ಬರುವುದಿಲ್ಲ. ಬೆಳೆದವರೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ತೆರಿಗೆಗೆ ಸೇರುತ್ತದೆ. ಸಣ್ಣ ಬೆಳೆಗಾರರು ಹೆಚ್ಚಿನವರು ಚೆರ್ರಿಯಲ್ಲೇ ಕೈ ತೊಳೆದುಕೊಳ್ಳುತ್ತಾರೆ. ತಪ್ಪೇನಲ್ಲ, ಕಾನೂನೇ ಹಾಗಿದೆ. ಆದರೆ ತೆರಿಗೆ ಇಲ್ಲದಲ್ಲಿ ಕಾಗದವೂ ಇಲ್ಲ, ಕಾಗದ ಇಲ್ಲದಲ್ಲಿ ಕೋರ್ಟಿಗೆ ಹಿಡಿಯಲು ಏನೂ ಸಿಗುವುದಿಲ್ಲ.

2022ರ ಕೊನೆಯಲ್ಲಿ ಆದೇಶ ಬಂತು. 7,000 ರೂಪಾಯಿ, ಅರ್ಜಿ ಹಾಕಿದ ದಿನದಿಂದ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಹಿಂದೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವ ಹಾಗೇ ಇರಲಿಲ್ಲವಂತೆ. ಆ ಮಿತಿ ತೆಗೆದದ್ದು 2001ರಲ್ಲಿ. ಅದಕ್ಕೆ ಹೋಲಿಸಿದರೆ ನಿಂದು ಪರವಾಗಿಲ್ಲ ಎಂದು ಕೋರ್ಟಿನ ಹೊರಗೆ ಯಾರೋ ಸಮಾಧಾನ ಹೇಳಿದರು. ನನಗೂ ಅವತ್ತು ಪರವಾಗಿಲ್ಲ ಅನ್ನಿಸಿತು.

ದುಡ್ಡು ಬರಲಿಲ್ಲ. ಬಾರದಿದ್ದರೆ ಏನು ಮಾಡಬೇಕು ಅನ್ನುವುದೂ ಕಾನೂನಿನಲ್ಲಿದೆ. ಬಾಕಿಗೆ ವಾರಂಟ್ ಹೊರಡಿಸಬಹುದು, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ನಾವೇ ಅರ್ಜಿ ಕೊಡಬೇಕು, ತಡವಾದರೆ ಈ ದಾರಿ ಮುಚ್ಚಿತು. ವಾರಂಟ್ ಹೋಗುತ್ತದೆ, ಮನೆಯಲ್ಲಿಲ್ಲ ಎಂದು ವಾಪಸು ಬರುತ್ತದೆ, ಇನ್ನೊಂದು ಹೋಗುತ್ತದೆ. ಕೊನೆಗೆ ಪೊಲೀಸರು ನಿಜವಾಗಿ ಅಂಗಡಿ ಬಾಗಿಲಿಗೆ ಬರುವ ಸುದ್ದಿ ಸಿಕ್ಕ ದಿನ ಒಂದಿಷ್ಟು ಕಟ್ಟುತ್ತಾರೆ. ಮತ್ತೆ ನಿಲ್ಲಿಸುತ್ತಾರೆ.

ಇದೆಲ್ಲ ನಮ್ಮ ಕಡೆ ಅನೇಕ ಹೆಂಗಸರು ಅನುಭವಿಸಿದ್ದೇ. ನಾನು ಹೇಳಬೇಕೆಂದು ಕುಳಿತದ್ದು ಇದರ ಮುಂದಿನದು.

2023ರ ಜೂನ್. ಮಗಳು ಹೈಸ್ಕೂಲಿಗೆ ಬರುವ ಹೊತ್ತು. ಹಾಸ್ಟೆಲ್ಲಿಗೂ ವಿದ್ಯಾರ್ಥಿವೇತನಕ್ಕೂ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಅದರ ಆರ್‌ಡಿ ನಂಬರ್ ಹಾಕದೆ ವಿದ್ಯಾರ್ಥಿವೇತನದ ಅರ್ಜಿಯೇ ಮುಂದಕ್ಕೆ ಹೋಗುವುದಿಲ್ಲ. ಅರ್ಜಿ ಹಾಕಿದೆ. ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯವರೇ, ಒರಟಾಗಿ ಒಂದು ಮಾತೂ ಆಡಲಿಲ್ಲ. ಗಂಡನ ಆದಾಯ ಯಾಕೆ ಬರೆದಿಲ್ಲ ಎಂದು ಕೇಳಿದರು. ಜೊತೆಯಲ್ಲಿಲ್ಲ ಸಾರ್ ಎಂದೆ. ಅದಕ್ಕೆ ದಾಖಲೆ ಬೇಕಲ್ಲಮ್ಮ ಎಂದರು. ಡೈವೋರ್ಸ್ ಆಗಿಲ್ಲ, ಬೇರೆ ಇದ್ದೇವೆ ಅನ್ನುವುದಕ್ಕೆ ನನ್ನ ಹತ್ತಿರ ಇದ್ದ ಒಂದೇ ಸರ್ಕಾರಿ ಕಾಗದ ಜೀವನಾಂಶದ ಆದೇಶ. ಕೊಟ್ಟೆ. ಅವರು ಓದಿ, ಕೊನೆಯ ಪುಟದಲ್ಲಿದ್ದ ಅಂಕಿಯ ಕೆಳಗೆ ಪೆನ್ಸಿಲ್ ಗೆರೆ ಎಳೆದರು.

"ತಿಂಗಳಿಗೆ ಏಳು ಸಾವಿರ ಇದೆಯಲ್ಲ."

"ಇದೆ ಸಾರ್. ಕೊಡ್ತಾ ಇಲ್ಲ."

"ಕೊಡದಿದ್ರೆ ಕೋರ್ಟಿಗೆ ಹೇಳ್ಬೇಕಮ್ಮ. ನಮಗೆ ಆರ್ಡರ್ ಕಣ್ಣೆದುರು ಇರುವಾಗ ನೋಡಿಲ್ಲ ಅನ್ನೋಕೆ ಆಗುತ್ತಾ? ನಾಳೆ ಆಡಿಟ್‌ನಲ್ಲಿ ನನ್ನನ್ನ ಕೇಳ್ತಾರೆ."

ಗಂಡ ಜೊತೆಗಿಲ್ಲ ಎಂದು ತೋರಿಸಲು ಕೊಟ್ಟ ಕಾಗದ ಗಂಡ ದುಡ್ಡು ಕೊಡುತ್ತಿದ್ದಾನೆ ಅನ್ನುವುದಕ್ಕೆ ದಾಖಲೆಯಾಯಿತು. ಪ್ರಮಾಣಪತ್ರ ಬಂದಾಗ ಅದರಲ್ಲಿ 1,74,000 ಅಚ್ಚಾಗಿತ್ತು. ಈ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು.

ನಮ್ಮ ತೋಟದಲ್ಲಿ ಬಾರದ ಆಳಿಗೆ ನಾನು ಚೆಕ್‌ರೋಲಿನಲ್ಲಿ ಹಾಜರಿ ಹಾಕಿದರೆ ರೈಟರು ಅದೇ ಸಂಜೆ ನನ್ನ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸುತ್ತಾರೆ. ಇಲ್ಲಿ ಬಾರದ ದುಡ್ಡಿಗೆ ವರ್ಷಪೂರ್ತಿ ಹಾಜರಿ.

ಅದರ ಮುಂದಿನ ತಿಂಗಳೇ ಗೃಹಲಕ್ಷ್ಮಿ. 2023ರ ಜುಲೈ 19ಕ್ಕೆ ನೋಂದಣಿ ಶುರುವಾಗಿ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಕೊಟ್ಟರು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಹೆಂಗಸಿನ ಖಾತೆಗೆ ತಿಂಗಳಿಗೆ 2,000. ನನ್ನ ಹೆಸರಲ್ಲಿ ಕಾರ್ಡು ಇತ್ತು. ಮದುವೆಯಾದ ಮೇಲೆ ನಾನು, ಗಂಡ, ಮಗಳು ಮೂವರ ಹೆಸರಲ್ಲಿ ಮಾಡಿಸಿದ ಎಪಿಎಲ್ ಕಾರ್ಡು, ಅದರಲ್ಲಿ ಯಜಮಾನಿ ನಾನೇ. ಮನೆ ಬಿಟ್ಟು ಬಂದರೂ ಕಾಗದದಲ್ಲಿ ಆ ಮನೆಯ ಯಜಮಾನಿಕೆ ನನ್ನದೇ ಉಳಿದಿತ್ತು ನೋಡಿ. ಎಪಿಎಲ್‌ನವರಿಗೂ ಕೊಡುತ್ತಾರೆ ಎಂದರು, ಅರ್ಜಿ ಹಾಕಿದೆ. ಅಕ್ಕಪಕ್ಕದವರಿಗೆಲ್ಲ ಮೊದಲ ಕಂತು ಬಂತು. ನನಗೆ ಬರಲಿಲ್ಲ. ವಿಚಾರಿಸಿದರೆ ಪತಿ ಜಿಎಸ್‌ಟಿ ಪಾವತಿದಾರ ಎಂದು ತಿರಸ್ಕೃತವಾಗಿದೆ ಎಂದರು.

ಯೋಜನೆಯ ನಿಯಮ ಹಾಗೇ ಇದೆ. ಯಜಮಾನಿಯೋ ಆಕೆಯ ಗಂಡನೋ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಬರುವುದಿಲ್ಲ. ಗಂಡ ಅಂದರೆ ಗಂಡ. ಜೊತೆಗಿದ್ದಾನೋ, ತಿಂಗಳ ಖರ್ಚು ಕೊಡುತ್ತಾನೋ ಅನ್ನುವ ಪ್ರಶ್ನೆ ಆ ನಿಯಮಕ್ಕಿಲ್ಲ. ಇನ್ನೊಂದು ವಿಷಯ ಕೇಳಿ. ಅತ್ತೆಯದು ಬೇರೆ ಕಾರ್ಡು. ಮಾವ ತೀರಿಹೋಗಿದ್ದಾರೆ. ಆದ್ದರಿಂದ ಅತ್ತೆಗೆ ಗೃಹಲಕ್ಷ್ಮಿ ಬರುತ್ತದೆ. ನಿಯಮದಲ್ಲಿ ಗಂಡನ ಜಿಎಸ್‌ಟಿ ಲೆಕ್ಕಕ್ಕಿದೆ, ಮಗನದು ಇಲ್ಲ. ಅದೇ ಸೂರಿನಡಿ, ಅದೇ ಅಂಗಡಿಯ ಅನ್ನ ಉಣ್ಣುವ ಅತ್ತೆಗೆ ಆ ಅಂಗಡಿ ಅಡ್ಡ ಬರಲಿಲ್ಲ. ಹೊಳೆಯ ಈಚೆ ಅಮ್ಮನ ಮನೆಯಲ್ಲಿರುವ ನನಗೆ ಅಡ್ಡ ಬಂತು. ಅತ್ತೆಗೆ ಬರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆ ಮನೆಯಲ್ಲಿ ನನ್ನ ಪರವಾಗಿ ಒಂದೆರಡು ಮಾತಾಡಿದವರು ಅವರೇ.

ಇಷ್ಟು ಹೇಳಿದ ಮೇಲೆ ನಮ್ಮ ಚಿಕ್ಕಪ್ಪನ ಮಗಳ ಮಾತು ಹೇಳಲೇಬೇಕು. ಅವಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ, ಅವಳೂ ಗಂಡನಿಂದ ಬೇರೆಯಾಗಿ ಮಗನನ್ನು ಸಾಕುತ್ತಿದ್ದಾಳೆ. ಫೋನಿನಲ್ಲಿ ನನ್ನ ಕಥೆ ಕೇಳಿ, ಇಲ್ಲಿ ಹಾಗಲ್ಲ ಮಾರಾಯ್ತಿ ಎಂದಳು. ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ತೆರಿಗೆಯ ಲೆಕ್ಕದಲ್ಲೇ ದುಡ್ಡು ವಾಪಸು ಕೊಡುವ ಪದ್ಧತಿ ಅಲ್ಲಿ 1975ರಿಂದ ಇದೆ. ಮಕ್ಕಳಿದ್ದರೆ ಹೆಚ್ಚು ಬರುತ್ತದೆ. ಮಗುವಿಗೆಂದು ತಂದೆ ಕೊಡುವ ದುಡ್ಡನ್ನು ತಾಯಿಯ ಆದಾಯ ಎಂದು ಅಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಟ್ಟರೂ ಅಷ್ಟೆ, ಕೊಡದಿದ್ದರೂ ಅಷ್ಟೆ. ತಂದೆಗೂ ಕೊಟ್ಟದ್ದಕ್ಕೆ ತೆರಿಗೆಯಲ್ಲಿ ಕಡಿತವಿಲ್ಲ. ಮಗುವಿನ ಹೆಸರಿನಲ್ಲಿ ಸಿಗುವ ಇನ್ನೊಂದು ರಿಯಾಯಿತಿಯನ್ನು ತಾಯಿ 8332 ಎಂಬ ಫಾರಂಗೆ ಸಹಿ ಹಾಕಿ ತಂದೆಗೆ ಬಿಟ್ಟುಕೊಡಬಹುದು. ಆದರೆ ದುಡಿಮೆಯ ಮೇಲೆ ಸಿಗುವ ಈ ಮೊದಲನೆಯದನ್ನು ಹಾಗೆ ಬಿಟ್ಟುಕೊಡಲು ಬರುವುದಿಲ್ಲ, ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಮಗು ಯಾರ ಜೊತೆಗಿರುತ್ತದೋ ಅವರಿಗೇ. ಅವಳ ಮಾತಿನಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಬಾಕಿ ಇಟ್ಟ ತಂದೆಗೆ ಸರ್ಕಾರದಿಂದ ತೆರಿಗೆ ವಾಪಸು ಬರುವುದಿದ್ದರೆ ಅದನ್ನೇ ತಡೆಹಿಡಿದು ಬಾಕಿಗೆ ತುಂಬಿಸುತ್ತಾರಂತೆ.

ಅಲ್ಲಿಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವ ದುಡ್ಡಿಗೇ ಅವಳ ಸಂಬಳದ ದೊಡ್ಡ ಪಾಲು ಹೋಗುತ್ತದೆ, ಅವಳ ಅಮ್ಮ ಇಲ್ಲಿದ್ದಾರೆ. ಆದರೆ ಒಂದು ಮಾತು. ಅಲ್ಲಿ ಸರ್ಕಾರದ ಕಂಪ್ಯೂಟರು ಅಪ್ಪನನ್ನು ಹುಡುಕುವುದು ಮಗುವಿಗೆ ದುಡ್ಡು ಕೊಡಿಸಲಿಕ್ಕೆ. ನನ್ನ ವಿಷಯದಲ್ಲಿ ಇಲ್ಲಿಯ ಕಂಪ್ಯೂಟರು ಅಪ್ಪನನ್ನು ಹುಡುಕಿದ್ದು ನನ್ನ ಅರ್ಜಿಯನ್ನು ತಳ್ಳಿಹಾಕಲಿಕ್ಕೆ. ರೇಷನ್ ಕಾರ್ಡಿನಲ್ಲಿ ಒಟ್ಟಿಗಿರುವ ಹೆಸರುಗಳನ್ನು ಕಟ್ಟಿ ಹಿಡಿದಿಡುವ 'ಕುಟುಂಬ' ಎಂಬ ದತ್ತಾಂಶ ನಮ್ಮ ರಾಜ್ಯದಲ್ಲಿದೆ. ಕೋರ್ಟು ವರ್ಷಗಟ್ಟಲೆ ಕೇಳಿದರೂ ಹೊರಬಾರದ ನನ್ನ ಗಂಡನ ವ್ಯಾಪಾರ ಸರ್ಕಾರದ ದಾಖಲೆಯಲ್ಲಿ ಅಷ್ಟು ಸಲೀಸಾಗಿ ನನ್ನ ಹೆಸರಿಗೆ ಬಂದು ಅಂಟಿಕೊಂಡಿತು.

ಆದಾಯ ತೆರಿಗೆಯ ಮಾತೂ ಒಮ್ಮೆ ಬಂತು. ತೋಟದ ಲೆಕ್ಕ ನೋಡಲು ಚಿಕ್ಕಮಗಳೂರಿನಿಂದ ಬರುವ ಆಡಿಟರ್ ಒಬ್ಬರನ್ನು ಕೇಳಿದೆ, ಜೀವನಾಂಶಕ್ಕೆ ತೆರಿಗೆ ಉಂಟೇ ಎಂದು. ನಕ್ಕರು, ನಿನಗೆ ಎಲ್ಲಿಯ ತೆರಿಗೆಯಮ್ಮ, ಆ ಮಿತಿಯ ಹತ್ತಿರವೂ ನೀನಿಲ್ಲ ಎಂದರು. ಆಮೇಲೆ ತಾಳ್ಮೆಯಿಂದ ಹೇಳಿದರು. ತಿಂಗಳು ತಿಂಗಳು ಬರುವ ಜೀವನಾಂಶ ಪಡೆದವರ ಆದಾಯ, ಒಂದೇ ಗಂಟಿನಲ್ಲಿ ಪರಿಹಾರವಾಗಿ ಬಂದದ್ದು ಆದಾಯವಲ್ಲ ಎಂದು ಬಾಂಬೆ ಹೈಕೋರ್ಟು 1983ರಲ್ಲಿ, ಪ್ರತಾಪಗಢದ ರಾಜಕುಮಾರಿಯೊಬ್ಬರ ಪ್ರಕರಣದಲ್ಲಿ ಹೇಳಿದೆ. ರಾಜಕುಮಾರಿಯ ಲೆಕ್ಕಕ್ಕೆ ಹುಟ್ಟಿದ ಮಾತು ನನ್ನ ಏಳು ಸಾವಿರದವರೆಗೆ ನಡೆದುಬಂದದ್ದು ಕೇಳಿ ನನಗೂ ನಗು ಬಂತು. ಅವರು ಹೇಳಿದ್ದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಇಷ್ಟೇ: ಆ ತೀರ್ಪಿನಲ್ಲೂ ಮಾತು ಬಂದ ದುಡ್ಡಿನದು. ಪಾಸ್‌ಬುಕ್ ತೋರಿಸು, ಆರ್ಡರ್ ತೋರಿಸಬೇಡ ಎಂದರು.

ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಗೃಹಲಕ್ಷ್ಮಿಯ ಎರಡು ಸಾವಿರಕ್ಕಿಂತ ಹೆಚ್ಚಾಗಿ ಆ ಕಾರ್ಡಿನಿಂದ ಬಿಡುಗಡೆ. ನನ್ನ, ಮಗಳ ಹೆಸರನ್ನು ಅದರಿಂದ ತೆಗೆಸಿ ಅಮ್ಮನ ಬಿಪಿಎಲ್ ಕಾರ್ಡಿಗೆ ಸೇರಿಸಬೇಕಿತ್ತು. ಹೊಸ ಕಾರ್ಡಿಗೆ ಅರ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ತಿದ್ದುಪಡಿಗೆ ಯಾವಾಗಲೋ ಒಮ್ಮೆ ಅವಕಾಶ ಬಿಡುತ್ತಿದ್ದರು, ಬಿಟ್ಟ ದಿನವೇ ಸರ್ವರ್ ಕೂತುಬಿಡುತ್ತಿತ್ತು. ಒಂದು ಸಲ ಸರದಿ ಬಂತು. ಕಂಪ್ಯೂಟರಿನ ಮುಂದಿದ್ದ ಹುಡುಗ ನನ್ನ ಆದಾಯ ಪ್ರಮಾಣಪತ್ರದ ನಂಬರ್ ಹಾಕಿ ನೋಡಿ ಕೈ ನಿಲ್ಲಿಸಿದ. "ಅಕ್ಕ, ಇದನ್ನ ಸೇರಿಸಿದ್ರೆ ನಿಮ್ಮ ಅಮ್ಮಂದೂ ಹೋಗುತ್ತೆ. ಸೇರಿಸ್ಲಾ?" ಅಮ್ಮನ 14,400 ಸೇರಿ ಲೆಕ್ಕ 1,88,400 ಆಗುತ್ತಿತ್ತು. ಬೇಡ ಎಂದು ಎದ್ದುಬಂದೆ. ಆ ಹುಡುಗನ ಉಪಕಾರ ಮರೆಯುವುದಿಲ್ಲ. ಕೇಳದೆ ಒತ್ತಿದ್ದರೆ ಅಮ್ಮನ ಅನ್ನಭಾಗ್ಯದ ಅಕ್ಕಿಯೂ ನಿಲ್ಲುತ್ತಿತ್ತು, ಅಮ್ಮನಿಗೆ ಬರುತ್ತಿದ್ದ ಸವಲತ್ತಿಗೆ ನಾನೇ ಕಲ್ಲು ಹಾಕಿದ ಹಾಗಾಗುತ್ತಿತ್ತು.

ಮನೆಯಲ್ಲಿ ಈ ಮಾತು ಹೇಳಿದಾಗ ಅಮ್ಮ, "ಹೋದ್ರೆ ಹೋಗ್ಲಿ, ನನಗೆಷ್ಟು ಅಕ್ಕಿ ಬೇಕು, ನೀನು ಸೇರ್ಕೋ" ಎಂದರು. ಮೂವರಿಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ರಾತ್ರಿ ನಮ್ಮಿಬ್ಬರ ನಡುವೆ ಸಣ್ಣ ಜಗಳವೇ ಆಯಿತು.

ಪ್ರಮಾಣಪತ್ರ ತಿದ್ದಿಸುವುದಕ್ಕೆ 2024ರ ಬೇಸಿಗೆ ಬಂತು. ಮೇಡಂ ಹೇಳಿದ ಹಾಗೆ ಕಾಗದ ಜೋಡಿಸಿದೆ: ಆದೇಶ ಬಂದ ದಿನದಿಂದ ಇಲ್ಲಿಯವರೆಗಿನ ಪಾಸ್‌ಬುಕ್ ನಕಲು, ಬಾಕಿ ವಸೂಲಿಗೆ ಕೋರ್ಟಿನಲ್ಲಿ ಅರ್ಜಿ ಇದೆ ಅನ್ನುವುದಕ್ಕೆ ಅದರ ದೃಢೀಕೃತ ಪ್ರತಿ, ವಾರಂಟ್ ವಾಪಸು ಬಂದ ಷರಾ, ಛಾಪಾ ಕಾಗದದ ಮೇಲೆ ನನ್ನ ಅಫಿಡವಿಟ್. ಜೀವನಾಂಶ ಕೊಡಿ ಎಂದು ಕೋರ್ಟೇ ವಾರಂಟ್ ಹೊರಡಿಸಿದೆ. ಕೊಟ್ಟಿದ್ದರೆ ವಾರಂಟ್ ಯಾಕೆ ಬೇಕಿತ್ತು? ಈ ಒಂದು ವಾಕ್ಯವನ್ನು ಮೇಡಂ ಅರ್ಜಿಯಲ್ಲಿ ಬರೆದಿದ್ದರು. ಹೊಸದಾಗಿ ಬಂದಿದ್ದ ಅಧಿಕಾರಿ ಅದನ್ನು ಎರಡು ಸಲ ಓದಿದರು. ಊರಿಗೆ ಬಂದು ಮಹಜರು ಮಾಡಿದರು. ಪಕ್ಕದ ಮನೆಯವರು, ತೋಟದ ರೈಟರು ಸಹಿ ಹಾಕಿದರು. ನಮ್ಮ ಸಾಹುಕಾರರು ಸಂಬಳದ ಚೀಟಿ ಬರೆದುಕೊಟ್ಟರು. ಹೊಸ ಪ್ರಮಾಣಪತ್ರದಲ್ಲಿ 90,000 ಬಂತು. ತಿದ್ದುಪಡಿಯ ಮುಂದಿನ ಅವಕಾಶದಲ್ಲಿ ನಾನೂ ಮಗಳೂ ಅಮ್ಮನ ಕಾರ್ಡಿಗೆ ಸೇರಿದೆವು. ಮಗಳ ಒಂದು ವರ್ಷದ ವಿದ್ಯಾರ್ಥಿವೇತನ ಅಷ್ಟರಲ್ಲಿ ಹೋಗಿತ್ತು. ಹಾಸ್ಟೆಲ್ಲಿನ ಸೀಟು ಕೂಡ. ಅವಳು ಈಗ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಆ ವರ್ಷ ನವೆಂಬರಿನಲ್ಲಿ ರಾಜ್ಯದ ತುಂಬ ಬಿಪಿಎಲ್ ಕಾರ್ಡು ರದ್ದಾಗುತ್ತಿದೆ ಎಂಬ ಗುಲ್ಲೆದ್ದಿತು. ಸೊಸೈಟಿಯ ಮುಂದೆ ಪಟ್ಟಿ ನೋಡಲು ಜನ. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸು ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ನಮ್ಮದು ಪಟ್ಟಿಯಲ್ಲಿರಲಿಲ್ಲ. ಆದರೆ ಅದಕ್ಕೆ ಸ್ವಲ್ಪ ಮೊದಲು ನನ್ನ ಖಾತೆಗೆ ಒಂದೇ ಸಲ 42,000 ಬಂದಿತ್ತು. ಆರು ತಿಂಗಳ ಬಾಕಿ, ಪೊಲೀಸರು ಅಂಗಡಿಗೆ ಹೋಗಿದ್ದರ ಫಲ. ಎರಡು ವರ್ಷ ಬಾರದೆ ಇದ್ದಾಗ ಬಂದಂತೆ ಲೆಕ್ಕ ಹಾಕಿದವರು, ಒಂದು ಸಲ ಬಂದದ್ದನ್ನು ಏನೆಂದು ಲೆಕ್ಕ ಹಾಕುತ್ತಾರೋ ಎಂದು ಆ ತಿಂಗಳು ನನಗೆ ನಿದ್ದೆ ಸರಿಯಿರಲಿಲ್ಲ. ಬಾಕಿ ಬಂದ ಸಂತೋಷ ಹಾಗೆ ಕಳೆಯಿತು. ಆ ದುಡ್ಡಿನಲ್ಲಿ ಮನೆಯ ಹಿಂದಿನ ಹೆಂಚು ಬದಲಾಯಿಸಿದೆವು, ಸಂಘದ ಸಾಲ ತೀರಿತು, ಉಳಿದದ್ದು ಮಗಳ ಹೆಸರಲ್ಲಿದೆ.

ನಡುವೆ ಇನ್ನೊಂದು ಕೆಲಸ ಆಗಿತ್ತು. ಗೃಹಲಕ್ಷ್ಮಿ ಯಾಕೆ ಬರಲಿಲ್ಲ ಎಂದು ಮೇಡಂ ಒಮ್ಮೆ ಮಾತಿಗೆ ಕೇಳಿದರು. ಜಿಎಸ್‌ಟಿ ಅಂತೆ ಎಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಅಕ್ಕ, ಯಾರ ಜಿಎಸ್‌ಟಿ?"

ಸಂಬಳಕ್ಕೆ ಇದ್ದೇನೆ ಎಂದು ಪ್ರಮಾಣ ಮಾಡಿದವರ ಹೆಸರಲ್ಲಿ ಜಿಎಸ್‌ಟಿ ಹೇಗೆ ಬಂತು ಅನ್ನುವುದು ಅವರ ಪ್ರಶ್ನೆ. ಮನೆ ಬಿಡುವಾಗ ಮಗಳ ದಾಖಲೆಗಳ ಜೊತೆ ಬಂದಿದ್ದ ಹಳೆಯ ವಿಮೆ ಕಾಗದದಲ್ಲಿ ಗಂಡನ ಪ್ಯಾನ್ ನಂಬರ್ ಇತ್ತು. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಹಾಕಿದರೆ ಯಾರು ಬೇಕಾದರೂ ನೋಡಬಹುದು. ಅಂಗಡಿಯ ಹೆಸರು ಬಂತು, ನೋಂದಣಿಯಾದ ದಿನ ಬಂತು, 2018. ಮಾಲೀಕತ್ವ ಅನ್ನುವ ಕಡೆ ಒಬ್ಬರದೇ ಹೆಸರು, ಅಣ್ಣನದಲ್ಲ. ರಿಟರ್ನ್ಸ್ ತಿಂಗಳು ತಪ್ಪದೆ ಸಲ್ಲಿಕೆಯಾಗಿದೆ. ಸರಕು ಮಾರುವವರು ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು, 2019ಕ್ಕೆ ಮುಂಚೆ ಆ ಮಿತಿ 20 ಲಕ್ಷ. ವಹಿವಾಟು ಅಂದರೆ ಲಾಭವಲ್ಲ, ಅದು ನನಗೂ ಗೊತ್ತು. ಆದರೆ 15,000 ಸಂಬಳದ ಆಳು ಅಂತೂ ಅಲ್ಲ. ನನ್ನ ಅರ್ಜಿ ತಿರಸ್ಕೃತವಾದ ಕಾರಣದ ಪ್ರಿಂಟು, ಜಾಲತಾಣದ ಪ್ರಿಂಟು ಎರಡನ್ನೂ ಮೇಡಂ ಫೈಲಿಗೆ ಸೇರಿಸಿದರು. ಸರ್ಕಾರ ನನಗೆ ಎರಡು ಸಾವಿರ ಕೊಡುವುದಿಲ್ಲ ಎಂದು ಕೊಟ್ಟ ಕಾಗದ ಕೋರ್ಟಿನಲ್ಲಿ ನನ್ನ ಪರವಾದ ಸಾಕ್ಷಿಯಾಗುವುದಾದರೆ ಆಗಲಿ.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಜೀವನಾಂಶ ಈಗ 144ನೇ ಕಲಮು, ಅದನ್ನು ಹೆಚ್ಚಿಸಲು ಕೇಳುವುದು 146. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿದರೆ ಮೊತ್ತ ಏರಿಸಬಹುದು. ಪರಿಸ್ಥಿತಿ ಏನು ಬದಲಾಗಿದೆ ಅಂದರೆ ಮಗಳು ದೊಡ್ಡವಳಾಗಿದ್ದಾಳೆ, ಅವರ ವ್ಯಾಪಾರ ಹೊರಬಿದ್ದಿದೆ, 2024–25ರಲ್ಲಿ ಕಾಫಿಯ ಧಾರಣೆ ನಮ್ಮ ಜನ ಹಿಂದೆಂದೂ ನೋಡದಷ್ಟು ಏರಿ ಆ ತೋಟಕ್ಕೂ ನಾಲ್ಕು ಕಾಸು ಹೆಚ್ಚು ಬಂದಿದೆ. ಮಗಳಿಗೆ 6,000, ನನಗೆ 6,000 ಕೇಳೋಣ ಎಂದರು ಮೇಡಂ.

ನಾನು ಅಲ್ಲೇ ಗುಣಿಸಿದೆ, ಚೆಕ್‌ರೋಲಿನ ಅಭ್ಯಾಸ. ಹನ್ನೆರಡು ಸಾವಿರ ಹನ್ನೆರಡು ತಿಂಗಳು, 1,44,000. ನನ್ನ ದುಡಿಮೆಯನ್ನು ಒಂದು ರೂಪಾಯಿಯೂ ಸೇರಿಸದೆ, ಬರೀ ಆದೇಶದ ಅಂಕಿಯೇ ಬಿಪಿಎಲ್ ಗೆರೆಯನ್ನು ದಾಟುತ್ತದೆ. ಕೊಟ್ಟರೆ ಸರಿ, ಆಗ ಕಾರ್ಡು ಹೋದರೂ ಹೋಗಲಿ, ನಾವು ಅಂಗಡಿಯಲ್ಲಿ ಅಕ್ಕಿ ಕೊಂಡು ಉಣ್ಣುತ್ತೇವೆ. ಕೊಡದಿದ್ದರೆ? ಮತ್ತೆ ಪಾಸ್‌ಬುಕ್, ಮತ್ತೆ ಮಹಜರು, ಈ ಸಲ ಕಾರ್ಡಿನಲ್ಲಿ ಅಮ್ಮನೂ ಇದ್ದಾರೆ. ಅಮ್ಮನಿಗೆ ಬರುವ ಗೃಹಲಕ್ಷ್ಮಿಗೆ ಇದರಿಂದ ತೊಂದರೆ ಇಲ್ಲ, ಆದರೆ ಅಕ್ಕಿಗೆ ಇದೆ.

ಮೇಡಂ ಒಂದು ದಾರಿ ಯೋಚಿಸಿದ್ದಾರೆ. ಮಗಳ ಪಾಲನ್ನು ಮಗಳ ಹೆಸರಿನ ಖಾತೆಗೇ ಕಟ್ಟುವಂತೆ, ಪ್ರತಿ ತಿಂಗಳು ಎಷ್ಟು ಕಟ್ಟಿದ್ದಾರೆ ಎಂದು ಕೋರ್ಟಿಗೆ ಲೆಕ್ಕ ಕೊಡುವಂತೆ ಆದೇಶದಲ್ಲೇ ಬರೆಸಬೇಕೆಂದು ಕೇಳುತ್ತಾರೆ. ಹಾಗೆ ಬರೆಸಿಕೊಂಡರೆ ಮುಂದೆ ಯಾವ ಅಧಿಕಾರಿ ಬಂದರೂ ಆ ಲೆಕ್ಕವನ್ನು ಮುಂದಿಡಬಹುದು. ಕೋರ್ಟು ಒಪ್ಪುತ್ತದೋ ಇಲ್ಲವೋ ನೋಡಬೇಕು.

"ಯೋಚನೆ ಮಾಡಿ ಹೇಳಿ ಅಕ್ಕ, ಅವಸರ ಇಲ್ಲ," ಎಂದರು.

ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಈಗ ಎಲ್ಲ ಅರ್ಥವಾಗುತ್ತದೆ. ಅವಳು ಏನೂ ಹೇಳಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ. ಹಾಕಿ ಮೇಡಂ ಎಂದೆ. ವಕಾಲತ್ತಿಗೆ ಸಹಿ ಮಾಡಿ ಬಂದೆವು. ಮುಂದಿನ ತಾರೀಖು ರೋಬಸ್ಟಾ ಕುಯ್ಲಿನ ನಡುವೆ ಬಿದ್ದಿದೆ, ರೈಟರ ಹತ್ತಿರ ಈಗಲೇ ರಜ ಹೇಳಿಟ್ಟಿದ್ದೇನೆ.